ರುಚಿಗೆ ತಕ್ಕಷ್ಟು ಎಂದರೆ ಎಷ್ಟು?

ಯಾವುದೇ ಅಡುಗೆ ಪುಸ್ತಕ ತೆರೆದು ನೋಡಿ. ನಮ್ಮಂಥ ಮಾಸಿಕಗಳ ಅಡುಗೆ ಪುಟವಾದರೂ ಸರಿ. ಅಕ್ಕಿ ಅರ್ಧ ಕಿಲೋ, ಮಾಂಸ ಒಂದು ಕಿಲೋ, ಈರುಳ್ಳಿ ನಾಲ್ಕು, ಖಾರದ ಪುಡಿ ಎರಡು ಚಮಚ, ಗರಂ ಮಸಾಲೆ ಅರ್ಧ ಚಮಚ. ಎಲ್ಲಕ್ಕೂ ಒಂದೊಂದು ಲೆಕ್ಕವಿದೆ. ಕೊನೆಗೆ ಬರುವ ಒಂದು ಸಾಲಿಗೆ ಮಾತ್ರ ಲೆಕ್ಕವಿಲ್ಲ: "ಉಪ್ಪು ರುಚಿಗೆ ತಕ್ಕಷ್ಟು."

ಈಗ ಒಂದು ಪ್ರಶ್ನೆ. ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ನೀವು ಎಷ್ಟು ಉಪ್ಪು ತಿಂದಿರಿ? ಎಷ್ಟು ರೊಟ್ಟಿ ತಿಂದಿರಿ ಎಂದರೆ ಹೇಳುತ್ತೀರಿ. ಎಷ್ಟು ಕಪ್ ಚಹಾ ಕುಡಿದಿರಿ, ಅದಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿದಿರಿ ಎಂಬುದೂ ನೆನಪಿರುತ್ತದೆ. ಉಪ್ಪಿನ ಮಾತು ಬಂದಾಗ ಮಾತ್ರ ಎಲ್ಲರದೂ ಒಂದೇ ಉತ್ತರ: "ನಾವು ಅಷ್ಟೇನೂ ತಿನ್ನುವುದಿಲ್ಲ." ಬೀದರ್ ನಗರದ ಮನೆಯಲ್ಲಿ ಕೇಳಿದರೂ ಇದೇ, ಭಾಲ್ಕಿಯ ಹಳ್ಳಿಯಲ್ಲಿ ಕೇಳಿದರೂ ಇದೇ, ಔರಾದ್‌ನ ತಾಂಡಾದಲ್ಲಿ ಕೇಳಿದರೂ ಇದೇ. ಅವರು ಸುಳ್ಳು ಹೇಳುತ್ತಿಲ್ಲ. ಅಳೆಯದೇ ಇದ್ದದ್ದನ್ನು ಯಾರು ತಾನೇ ಹೇಳಬಲ್ಲರು?

ಅಡುಗೆ ಮನೆಯಲ್ಲಿ ಉಪ್ಪನ್ನು ಅಳೆಯುವುದು ಕೈಯ ಅಂದಾಜು ಮತ್ತು ನಾಲಿಗೆ. ನಾಲಿಗೆ ಎಷ್ಟು ಸೂಕ್ಷ್ಮವಾದ ಉಪಕರಣ ಎಂಬುದು ಬೀದರಿನವರಿಗೆ ಚೆನ್ನಾಗಿ ಗೊತ್ತು. ಬಿದ್ರಿ ಕೆಲಸದಲ್ಲಿ ಸತು, ತಾಮ್ರಗಳ ಮಿಶ್ರಲೋಹದ ಪಾತ್ರೆಗೆ ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಬೆರೆಸಿ ಬಳಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಆ ಮಣ್ಣು ಸರಿಯಾದದ್ದು ಹೌದೋ ಅಲ್ಲವೋ ಎಂದು ತಿಳಿಯಲು ನುರಿತ ಕುಶಲಕರ್ಮಿಗಳು ಅದನ್ನು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಮಣ್ಣಿನ ಗುಣವನ್ನೇ ಹೇಳುವ ನಾಲಿಗೆಗೆ ಸಾಲನ್‌ನ ಉಪ್ಪು ಯಾವ ಲೆಕ್ಕ ಎಂದು ನಿಮಗನಿಸಬಹುದು.

ಆದರೆ ನಾಲಿಗೆ ಹೇಳುವುದು ಉಪ್ಪು ಎಷ್ಟು ಗಾಢವಾಗಿದೆ ಎಂಬುದನ್ನು ಮಾತ್ರ, ಒಟ್ಟು ಎಷ್ಟು ಹೋಯಿತು ಎಂಬುದನ್ನಲ್ಲ. ಹದವಾಗಿ ಉಪ್ಪು ಬಿದ್ದ ಬೇಳೆಯನ್ನು ಒಂದು ಬಟ್ಟಲು ಉಂಡರೂ, ಮೂರು ಬಟ್ಟಲು ಉಂಡರೂ ನಾಲಿಗೆ "ಸರಿಯಾಗಿದೆ" ಎಂದಷ್ಟೇ ಹೇಳುತ್ತದೆ. ದೇಹಕ್ಕೆ ಮಾತ್ರ ಎರಡನೆಯ ಸಲ ಮೂರು ಪಟ್ಟು ಉಪ್ಪು ಸೇರಿರುತ್ತದೆ. ಇನ್ನೊಂದು ತೊಂದರೆಯೂ ಇದೆ. ನಾಲಿಗೆ ರೂಢಿಯ ದಾಸ. ಮನೆಯಲ್ಲಿ ಹತ್ತು ವರ್ಷ ಯಾವ ಹದದಲ್ಲಿ ಉಂಡಿದ್ದೀರೋ ಅದೇ ಅದಕ್ಕೆ "ಸರಿ". ಅದಕ್ಕಿಂತ ತುಸು ಕಡಿಮೆಯಾದರೆ ದಸ್ತರ್‌ಖಾನ್ ಮೇಲೆ ಮಾತು ಕೇಳಬೇಕಾಗುತ್ತದೆ: "ಅಮ್ಮೀ, ಇವತ್ತು ಸಾಲನ್‌ಗೆ ಉಪ್ಪೇ ಹಾಕಿಲ್ಲವಲ್ಲ!" ಉಪ್ಪು ಹೆಚ್ಚಾದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುವವರು, ಕಡಿಮೆಯಾದರೆ ಸುಮ್ಮನಿರುವುದಿಲ್ಲ. ಆದ್ದರಿಂದ ಅಡುಗೆ ಮಾಡುವ ಕೈ ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ಹೊಸದಾಗಿ ಮನೆಗೆ ಬಂದ ಸೊಸೆಯಂತೂ ಮೊದಲು ಕಲಿಯುವ ಪಾಠವೇ ಇದು.

ಉಪ್ಪು ತಿಂದವನು ನೀರು ಕುಡಿಯಲೇಬೇಕು

ಈ ಗಾದೆಯನ್ನು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ. ಆದರೆ ವೈದ್ಯರ ದೃಷ್ಟಿಯಲ್ಲಿ ಇದು ಅಕ್ಷರಶಃ ನಿಜ. ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಶೇ. 40ರಷ್ಟು ಸೋಡಿಯಂ. ರಕ್ತದಲ್ಲಿ ಸೋಡಿಯಂ ಒಂದು ಮಿತಿಯೊಳಗೇ ಇರಬೇಕು. ಅದು ಏರಿದೊಡನೆ ಬಾಯಾರಿಕೆಯಾಗುತ್ತದೆ, ನಾವು ನೀರು ಕುಡಿಯುತ್ತೇವೆ, ದೇಹ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ರಕ್ತನಾಳಗಳಲ್ಲಿ ಹರಿಯುವ ದ್ರವ ಹೆಚ್ಚುತ್ತದೆ. ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಒಂದು ದಿನದ ಮದುವೆಯೂಟ ಅವುಗಳಿಗೆ ದೊಡ್ಡದಲ್ಲ. ಪ್ರತಿ ದಿನವೂ, ಪ್ರತಿ ಊಟದಲ್ಲೂ, ವರ್ಷಗಟ್ಟಲೆ ಇದೇ ನಡೆದರೆ ಅನೇಕರಲ್ಲಿ ರಕ್ತದೊತ್ತಡ ಮೆಲ್ಲಗೆ ಮೇಲೇರಿ ಅಲ್ಲೇ ನಿಂತುಬಿಡುತ್ತದೆ.

ಬಿಪಿಯ ಕೆಟ್ಟ ಗುಣವೆಂದರೆ ಅದಕ್ಕೆ ಸದ್ದಿಲ್ಲ. ನೋವಿಲ್ಲ, ಜ್ವರವಿಲ್ಲ. ಬೀದರ್ ಕಡೆ ಜನ "ಲಕ್ವಾ ಹೊಡೆಯಿತು" ಎನ್ನುತ್ತಾರಲ್ಲ, ಒಂದು ಮುಂಜಾನೆ ಎದ್ದಾಗ ಬಾಯಿ ಸೊಟ್ಟಗಾಗಿ ಒಂದು ಕೈ, ಒಂದು ಕಾಲು ಏಳದಿರುವುದು, ಎಷ್ಟೋ ಮನೆಗಳಲ್ಲಿ ಬಿಪಿ ಇತ್ತೆಂದು ಗೊತ್ತಾಗುವುದೇ ಆ ದಿನ. ದುಡಿಯುವ ಕೈ ಹಾಸಿಗೆ ಹಿಡಿದರೆ ಮನೆಯ ಗತಿ ಏನೆಂದು ವಿವರಿಸಬೇಕಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 21 ಮಂದಿಗೆ ಬಿಪಿ ಹೆಚ್ಚಿದೆ ಅಥವಾ ಅದಕ್ಕಾಗಿ ಅವರು ಮಾತ್ರೆ ನುಂಗುತ್ತಿದ್ದಾರೆ. ಅಂದರೆ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರು.

ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಗ್ರಾಂ ಎಂದರೆ ತಲೆ ಸವರಿದ ಒಂದು ಚಹಾ ಚಮಚ. ಇದು ಊಟಕ್ಕೊಂದು ಚಮಚವಲ್ಲ. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಉಪ್ಪಿನಕಾಯಿಯವರೆಗೆ, ಸಂಜೆಯ ಮಿರ್ಚಿ ಭಜಿಯನ್ನೂ ಬೇಕರಿಯ ಬಿಸ್ಕತ್ತನ್ನೂ ಸೇರಿಸಿ, ಇಡೀ ದಿನಕ್ಕೆ ಒಂದು ಚಮಚ.

ಅಳೆದವರು ಹೇಗೆ ಅಳೆದರು?

ವಿಜ್ಞಾನಿಗಳಿಗೂ ಉಪ್ಪು ಸುಲಭಕ್ಕೆ ಸಿಕ್ಕಲಿಲ್ಲ. ಮೊದಲ ದಾರಿ, ಜನರನ್ನೇ ಕೇಳುವುದು: ನಿನ್ನೆ ಏನೇನು ತಿಂದಿರಿ, ಎಷ್ಟು ಬಟ್ಟಲು? ಇದರಲ್ಲಿ ಅನ್ನ, ರೊಟ್ಟಿ, ಹಾಲಿನ ಲೆಕ್ಕ ಸುಮಾರಾಗಿ ಸಿಗುತ್ತದೆ. ಉಪ್ಪಿನದು ಸಿಗುವುದಿಲ್ಲ, ಏಕೆಂದರೆ ಪಾತ್ರೆಗೆ ಬಿದ್ದ ಹಿಡಿ ಎಷ್ಟು ದೊಡ್ಡದಿತ್ತೆಂದು ಉಂಡವನಿಗೆ ತಿಳಿದಿರುವುದಿಲ್ಲ. ಹೀಗೆ ಕೇಳಿ ಬರೆದ ಲೆಕ್ಕ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆಯೇ ಬರುತ್ತದೆ.

ಬಾಯಿ ಹೇಳದ್ದನ್ನು ದೇಹ ಹೇಳುತ್ತದೆ. ನಾವು ತಿಂದ ಸೋಡಿಯಂನಲ್ಲಿ ಸುಮಾರು ಶೇ. 90ರಷ್ಟು ಒಂದು ದಿನದೊಳಗೆ ಮೂತ್ರದಲ್ಲಿ ಹೊರಬರುತ್ತದೆ. ಆದ್ದರಿಂದ 24 ಗಂಟೆಗಳ ಮೂತ್ರವನ್ನು ಪೂರ್ತಿಯಾಗಿ ಸಂಗ್ರಹಿಸಿ ಅದರಲ್ಲಿರುವ ಸೋಡಿಯಂ ಅಳೆದರೆ, ತಿಂದ ಉಪ್ಪು ಎಷ್ಟೆಂದು ತಿಳಿಯುತ್ತದೆ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ಬಿಟ್ಟುಬಿಡಬೇಕು, ಆ ಸಮಯವನ್ನು ಬರೆದಿಡಬೇಕು. ಆಮೇಲೆ ಹಗಲು ರಾತ್ರಿಯದೆಲ್ಲವನ್ನೂ, ಮರುದಿನ ಬೆಳಗಿನ ಮೊದಲನೆಯದನ್ನೂ ಸೇರಿಸಿ, ಕೊಟ್ಟ ಕ್ಯಾನಿನಲ್ಲಿ ತುಂಬಬೇಕು. ಲೆಕ್ಕ ಹೀಗೆ: ಒಂದೂವರೆ ಲೀಟರ್ ಮೂತ್ರ ಬಂತು, ಪ್ರತಿ ಲೀಟರಿನಲ್ಲಿ 100 ಮಿಲಿಮೋಲ್ ಸೋಡಿಯಂ ಇತ್ತು ಎಂದುಕೊಳ್ಳಿ. ಒಟ್ಟು 150 ಮಿಲಿಮೋಲ್. ಒಂದು ಗ್ರಾಂ ಉಪ್ಪಿನಲ್ಲಿರುವುದು ಸುಮಾರು 17 ಮಿಲಿಮೋಲ್ ಸೋಡಿಯಂ. ಭಾಗಿಸಿದರೆ 9 ಗ್ರಾಂಗೆ ಹತ್ತಿರ. ತಿಂದವನು "ಅಷ್ಟೇನೂ ಇಲ್ಲ" ಎಂದಿದ್ದರೂ ಕ್ಯಾನ್ ಹೇಳುವುದು ಒಂಬತ್ತು.

ಓದುವಾಗ ಸುಲಭ, ಮಾಡುವಾಗ ಕಷ್ಟ. ತುಂಬು ಕುಟುಂಬದಲ್ಲಿ ಒಂದೇ ಬಚ್ಚಲು ಇರುವಲ್ಲಿ ಹೆಣ್ಣುಮಗಳೊಬ್ಬಳು ಕ್ಯಾನ್ ಹಿಡಿದು ಓಡಾಡುವುದು ಹೇಗೆ? ಹೊಲಕ್ಕೆ ಹೋದವರು ಏನು ಮಾಡಬೇಕು? ಕೆಲವರು ನಡುವೆ ಒಂದೆರಡು ಸಲದ್ದನ್ನು ಬಿಟ್ಟು, ಎಲ್ಲ ತುಂಬಿದ್ದೇವೆ ಎಂದುಬಿಡುತ್ತಾರೆ. ಇದನ್ನು ಕಂಡುಹಿಡಿಯಲೂ ಒಂದು ಉಪಾಯವಿದೆ. ಕೆಲವು ಸಮೀಕ್ಷೆಗಳಲ್ಲಿ ಪಾಬಾ ಎಂಬ ವಸ್ತುವಿನ ಮೂರು ಗುಳಿಗೆಗಳನ್ನು ನುಂಗಲು ಕೊಡುತ್ತಾರೆ. ಅದು ಹೆಚ್ಚು ಕಡಿಮೆ ಪೂರ್ತಿಯಾಗಿ ಮೂತ್ರದಲ್ಲೇ ಹೊರಬರುವಂಥದ್ದು. ಕ್ಯಾನಿನಲ್ಲಿ ಅದು ಕಡಿಮೆ ಸಿಕ್ಕಿತೆಂದರೆ ಸಂಗ್ರಹ ಪೂರ್ತಿಯಾಗಿಲ್ಲ ಎಂದರ್ಥ. ಅಂದ ಹಾಗೆ, ಡಾಕ್ಟರು ಎಂದಾದರೂ ನಿಮಗೆ ಈ ಪರೀಕ್ಷೆ ಬರೆದುಕೊಟ್ಟರೆ ಸಂಕೋಚಪಡಬೇಡಿ. ಬಿಗಿ ಮುಚ್ಚಳದ ಕ್ಯಾನನ್ನು ಬಚ್ಚಲಿನಲ್ಲೇ ಇಟ್ಟು, ಎಂದಿನಂತೆ ಶುಚಿಯಾಗಿ ವುಝೂ ಮಾಡಿಕೊಂಡರೆ ನಮಾಝ್‌ಗೂ ಅದರಿಂದ ಅಡ್ಡಿಯಿಲ್ಲ.

ಈ ವಿಧಾನದಲ್ಲಿ ಬಲು ದೊಡ್ಡ ಕೆಲಸ ನಡೆದದ್ದು ಇಂಟರ್‌ಸಾಲ್ಟ್ ಎಂಬ ಅಧ್ಯಯನದಲ್ಲಿ. 1988ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 32 ದೇಶಗಳ 52 ಕಡೆ, ಹತ್ತು ಸಾವಿರಕ್ಕೂ ಹೆಚ್ಚು ಜನರ 24 ಗಂಟೆಯ ಮೂತ್ರ ಅಳೆದರು. ನಮ್ಮ ದೇಶದ ದಿಲ್ಲಿ ಮತ್ತು ಲಡಾಖ್ ಕೂಡ ಅದರಲ್ಲಿದ್ದವು. ಉತ್ತರ ಚೀನಾದ ಟಿಯಾಂಜಿನ್‌ನಲ್ಲಿ ದಿನಕ್ಕೆ ಸುಮಾರು 14 ಗ್ರಾಂ ಉಪ್ಪು ಕಂಡುಬಂದರೆ, ಬ್ರೆಝಿಲ್‌ನ ಕಾಡುಗಳಲ್ಲಿರುವ ಯಾನೊಮಾಮಿ ಜನರಲ್ಲಿ ಚಿಟಿಕೆಯ ಲೆಕ್ಕಕ್ಕೂ ಬಾರದಷ್ಟಿತ್ತು. ಆ ಯಾನೊಮಾಮಿಗಳಲ್ಲಿ ವಯಸ್ಸಾದಂತೆ ಬಿಪಿ ಏರುವುದೇ ಕಾಣಲಿಲ್ಲ. "ವಯಸ್ಸಾದ ಮೇಲೆ ಬಿಪಿ ಬರುವುದು ಸಹಜ" ಎಂದು ನಾವು ಸಲೀಸಾಗಿ ಹೇಳುತ್ತೇವಲ್ಲ, ಆ ಮಾತನ್ನು ಸ್ವಲ್ಪ ತಡೆದು ಹೇಳಬೇಕು.

ನಮ್ಮ ದೇಶದ ಲೆಕ್ಕ ಬಂದದ್ದು ಕರ್ನಾಟಕದಿಂದಲೇ. ಬೆಂಗಳೂರಿನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವು 2017-18ರಲ್ಲಿ ದೇಶವ್ಯಾಪಿ ಸಮೀಕ್ಷೆಯೊಂದನ್ನು ನಡೆಸಿತು. ಅದರಲ್ಲಿ ಆರಿಸಿದ ಸುಮಾರು 3000 ವಯಸ್ಕರ ಮೂತ್ರ ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸರಾಸರಿ ಭಾರತೀಯ ದಿನಕ್ಕೆ ತಿನ್ನುವ ಉಪ್ಪು 8 ಗ್ರಾಂ. ಗಂಡಸರದು 8.9, ಹೆಂಗಸರದು 7.1. ಇಲ್ಲಿ 24 ಗಂಟೆಯದ್ದಲ್ಲ, ಒಂದೇ ಸಲದ ಮೂತ್ರವನ್ನು ತೆಗೆದುಕೊಂಡು ಸೂತ್ರದ ಮೂಲಕ ದಿನದ ಲೆಕ್ಕ ಹಾಕಿದ್ದರು. ಇಡೀ ದೇಶದ ಸಮೀಕ್ಷೆಗೆ ಅದು ಸಾಕು; ಒಬ್ಬ ವ್ಯಕ್ತಿಯ ಲೆಕ್ಕ ಹೇಳಲು ಸಾಲದು. 24 ಗಂಟೆಯ ವಿಧಾನದಲ್ಲೇ ಅಳೆದು 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ದಿಲ್ಲಿ-ಹರಿಯಾಣದಲ್ಲಿ ಸುಮಾರು 8.6 ಗ್ರಾಂ, ಆಂಧ್ರಪ್ರದೇಶದಲ್ಲಿ ಸುಮಾರು 9.5 ಗ್ರಾಂ ಕಂಡುಬಂತು. ಎಲ್ಲಿ ಅಳೆದರೂ ಐದರ ಹತ್ತಿರಕ್ಕೆ ಬರಲಿಲ್ಲ.

ಬೆಂಗಳೂರಿನ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಬಿಪಿ ಹೆಚ್ಚಿರುವವರ ಸರಾಸರಿ 8.5 ಗ್ರಾಂ, ಅಂದರೆ ಉಳಿದವರಿಗಿಂತ ಕಡಿಮೆಯಲ್ಲ, ಹೆಚ್ಚೇ. ಹೆಚ್ಚು ಉಪ್ಪಿನಿಂದ ಆರೋಗ್ಯ ಕೆಡುತ್ತದೆ ಎಂದು ಭಾವಿಸಿದವರು ಅರ್ಧಕ್ಕಿಂತ ಕಡಿಮೆ ಜನ.

ಉಪ್ಪು ಬರುವುದು ಎಲ್ಲಿಂದ?

ಪಾಶ್ಚಾತ್ಯ ದೇಶಗಳಲ್ಲಿ ಜನ ತಿನ್ನುವ ಉಪ್ಪಿನ ಮುಕ್ಕಾಲು ಪಾಲು ಕಾರ್ಖಾನೆಯ ಆಹಾರದಿಂದ ಬರುತ್ತದೆ: ಬ್ರೆಡ್, ಚೀಸ್, ಡಬ್ಬಿಯ ಸೂಪು. ಅದಕ್ಕೇ ಬ್ರಿಟನ್ ಸರಕಾರ ಕಂಪೆನಿಗಳ ಬೆನ್ನು ಹತ್ತಿ ಬ್ರೆಡ್ಡಿನ ಉಪ್ಪನ್ನು ವರ್ಷ ವರ್ಷ ಸ್ವಲ್ಪಸ್ವಲ್ಪವೇ ಇಳಿಸಿತು. 2000-01ರಲ್ಲಿ 9.5 ಗ್ರಾಂ ಇದ್ದ ಅಲ್ಲಿನ ಸರಾಸರಿ 2011ರ ಹೊತ್ತಿಗೆ 8.1 ಗ್ರಾಂಗೆ ಇಳಿಯಿತು. ಉಂಡವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ನಮ್ಮಲ್ಲಿ ಚಿತ್ರ ತಲೆಕೆಳಗು. ದಿಲ್ಲಿ-ಹರಿಯಾಣ ಮತ್ತು ಆಂಧ್ರಪ್ರದೇಶದಲ್ಲಿ ನೋಡಿದಾಗ ಉಪ್ಪಿನ ಶೇ. 80ಕ್ಕೂ ಹೆಚ್ಚು ಪಾಲು ಅಡುಗೆ ಮಾಡುವಾಗ ಹಾಕಿದ್ದೇ ಆಗಿತ್ತು. ಇಲ್ಲಿ ಮಾತುಕತೆ ನಡೆಸಬೇಕಾದದ್ದು ಕಂಪೆನಿಯ ಜೊತೆಗಲ್ಲ, ಒಲೆಯ ಮುಂದೆ ನಿಂತವರ ಜೊತೆ. ಒಂದು ಬಗೆಯಲ್ಲಿ ಇದು ಒಳ್ಳೆಯ ಸುದ್ದಿ. ನಾವು ತಿನ್ನುವ ಉಪ್ಪು ಇನ್ನೂ ನಮ್ಮ ಕೈಯಲ್ಲೇ ಇದೆ.

ಬೀದರ್ ಸೀಮೆಯ ಊಟವನ್ನೇ ನೋಡಿ. ಜೋಳದ ರೊಟ್ಟಿಗೆ ಎಷ್ಟೋ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ಬಿಸಿನೀರು, ಹಿಟ್ಟು, ತಟ್ಟುವ ಕೈ, ಅಷ್ಟೇ. ಬ್ರೆಡ್ ತಿನ್ನುವವರಿಗೆ ಈ ಭಾಗ್ಯವಿಲ್ಲ. ಆದರೆ ರೊಟ್ಟಿಯ ಜೊತೆಗೆ ಬರುವ ಶೇಂಗಾ ಹಿಂಡಿ, ಔರಾದ್ ಕಡೆಯ ಮೆಣಸಿನಕಾಯಿ ಠೇಚಾ, ಹಪ್ಪಳ, ಉಪ್ಪಿನಕಾಯಿ ಇವೆಲ್ಲ ರೊಟ್ಟಿ ಉಳಿಸಿದ್ದನ್ನು ಖರ್ಚು ಮಾಡಿಬಿಡುತ್ತವೆ. ಬಕ್ರೀದ್ ಮುಗಿದ ಮೇಲೆ ಉಪ್ಪು, ಅರಿಶಿನ ಹಚ್ಚಿ ಹಗ್ಗದ ಮೇಲೆ ಒಣಗಿಸಿದ ಮಾಂಸವೂ ಈ ಸಾಲಿಗೇ ಸೇರಿದ್ದು. ಅದನ್ನು ಬೇಯಿಸುವಾಗ ಮತ್ತೆ ಉಪ್ಪು ಹಾಕುವವರಿದ್ದಾರೆ!

ಒಂದು ಕಾಲದಲ್ಲಿ ಈ ಸೀಮೆಗೆ ಉಪ್ಪು ಬರುತ್ತಿದ್ದದ್ದು ದೂರದ ಸಮುದ್ರ ತೀರದಿಂದ, ಲಂಬಾಣಿಗರ ಎತ್ತುಗಳ ಬೆನ್ನ ಮೇಲೆ. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂದಿದೆ ಎಂದು ಹೇಳುವವರೂ ಇದ್ದಾರೆ. ಅಷ್ಟು ದೂರ ಎತ್ತು ಹೊತ್ತು ತಂದ ಸಾಮಾನನ್ನು ಯಾರೂ ಕೈತುಂಬ ಎರಚುತ್ತಿರಲಿಲ್ಲ. ಇಂದು ಕಿರಾಣಿ ಅಂಗಡಿಯಲ್ಲಿ ಬಹುಶಃ ಎಲ್ಲಕ್ಕಿಂತ ಅಗ್ಗದ ಪ್ಯಾಕೆಟ್ಟೇ ಉಪ್ಪು. ಸಕ್ಕರೆ, ಎಣ್ಣೆ ಮುಗಿದರೆ ಮನೆಯಲ್ಲಿ ಲೆಕ್ಕ ಕೇಳುತ್ತಾರೆ. ಉಪ್ಪು ಎಷ್ಟು ದಿನಕ್ಕೆ ಮುಗಿಯಿತೆಂದು ಯಾರೂ ಕೇಳುವುದಿಲ್ಲ.

ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯಿರಿ

ಕೇಳಬೇಕಾದದ್ದು ಅದನ್ನೇ. ಕ್ಯಾನ್, ಪ್ರಯೋಗಾಲಯ ಯಾವುದೂ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಅಳತೆ ಇದು. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಅದು ಖಾಲಿಯಾದ ದಿನವನ್ನೂ ಬರೆಯಿರಿ. ಸಾವಿರ ಗ್ರಾಮನ್ನು ದಿನಗಳಿಂದ ಭಾಗಿಸಿ, ಬಂದದ್ದನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ.

ಭಾಲ್ಕಿಯ ಒಂದು ಮನೆ ಎಂದುಕೊಳ್ಳಿ. ದೊಡ್ಡವರು ನಾಲ್ವರು, ಸಣ್ಣ ಮಕ್ಕಳು ಇಬ್ಬರು. ಮಕ್ಕಳಿಬ್ಬರನ್ನು ಸೇರಿಸಿ ಒಬ್ಬರೆಂದು ಹಿಡಿದರೆ ಐದು ಪಾಲು. ಒಂದು ಕಿಲೋ ಉಪ್ಪು 21 ದಿನಕ್ಕೆ ಮುಗಿಯಿತು. ದಿನಕ್ಕೆ ಸುಮಾರು 47 ಗ್ರಾಂ, ಒಬ್ಬರಿಗೆ ಒಂಬತ್ತೂವರೆ. ಇದೇ ಮನೆಯಲ್ಲಿ ತಲೆಗೆ ಐದು ಗ್ರಾಂನ ಲೆಕ್ಕ ಇದ್ದಿದ್ದರೆ ಆ ಪ್ಯಾಕೆಟ್ 40 ದಿನ ಬರಬೇಕಿತ್ತು. ನಾಲ್ವರು ದೊಡ್ಡವರಷ್ಟೇ ಇರುವ ಮನೆಯಲ್ಲಿ 50 ದಿನ. ಹರಳುಪ್ಪು ಬಳಸುವವರಿಗೂ ಲೆಕ್ಕ ಇದೇ. ಚಮಚದಲ್ಲಿ ಹರಳು ಕಡಿಮೆ ಹಿಡಿಯಬಹುದು, ತೂಕಕ್ಕೆ ಎರಡೂ ಒಂದೇ. ಸೈಂಧವ ಉಪ್ಪು, ಗುಲಾಬಿ ಉಪ್ಪು ಕೂಡ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಬಣ್ಣ ಬೇರೆ, ಬೆಲೆ ಬೇರೆ.

"ಉಪ್ಪೆಲ್ಲ ಹೊಟ್ಟೆಗೇ ಹೋಗುವುದಿಲ್ಲವಲ್ಲ" ಎಂದು ನೀವು ಕೇಳುವುದು ಸರಿ. ಬಿರಿಯಾನಿಯ ಅಕ್ಕಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದಾಗ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ. ಮಾಂಸ ತೊಳೆಯಲು ಸ್ವಲ್ಪ ಹೋಗುತ್ತದೆ. ಬಂದ ನೆಂಟರು ಉಣ್ಣುತ್ತಾರೆ. ಇನ್ನೊಂದು ಕಡೆ, ಹೊರಗೆ ತಿಂದ ಭಜಿ, ಚೂಡಾ, ಅಂಗಡಿಯ ಹಪ್ಪಳ ಇವು ಪ್ಯಾಕೆಟ್ಟಿನ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚು ಕಡಿಮೆ ಒಂದಕ್ಕೊಂದು ಸರಿಹೋಗುತ್ತದೆ. ಕರಾರುವಾಕ್ಕಾದ ಅಂಕಿ ನಮಗೆ ಬೇಕಾಗಿಯೂ ಇಲ್ಲ. ಒಂಬತ್ತೋ ಐದೋ ಎಂಬುದಷ್ಟೇ ತಿಳಿಯಬೇಕು.

ಬೇಸಗೆಯಲ್ಲಿ ಉಪ್ಪಿನಕಾಯಿ, ಸಂಡಿಗೆ ಮಾಡುವ ತಿಂಗಳು ಮಾತ್ರ ಆ ಉಪ್ಪನ್ನು ಬೇರೆ ಬರೆದಿಡಿ. ಒಂದು ಕಿಲೋ ಉಪ್ಪು ಬಿದ್ದ ಉಪ್ಪಿನಕಾಯಿಯನ್ನು ಐದು ಮಂದಿ ವರ್ಷವಿಡೀ ತಿಂದರೆ ತಲೆಗೆ ದಿನಕ್ಕೆ ಅರ್ಧ ಗ್ರಾಂ ಚಿಲ್ಲರೆ ಆಗುತ್ತದೆ. ಇಲ್ಲೊಂದು ತಮಾಷೆಯಿದೆ. ಬಿಪಿ ಬಂತೆಂದರೆ ನಾವು ಮೊದಲು ನಿಲ್ಲಿಸುವುದು ಉಪ್ಪಿನಕಾಯಿಯನ್ನು, ಆಮೇಲೆ "ಪಥ್ಯ ಮಾಡುತ್ತಿದ್ದೇನೆ" ಎಂದು ನೆಮ್ಮದಿಯಾಗಿರುತ್ತೇವೆ. ನಿಲ್ಲಿಸುವುದು ಒಳ್ಳೆಯದೇ, ಹೆಚ್ಚು ತಿನ್ನುವವರಿಗಂತೂ ಖಂಡಿತ. ಆದರೆ ದೊಡ್ಡ ಪಾಲು ಕೂತಿರುವುದು ಉಪ್ಪುಪ್ಪೆಂದು ಕಾಣದ ಬೇಳೆಯ ಪಾತ್ರೆಯಲ್ಲಿ.

ಕೊಂಡು ತಂದದ್ದರ ಲೆಕ್ಕ ಪ್ಯಾಕೆಟ್ಟಿನ ಹಿಂಬದಿಯಲ್ಲೇ ಇರುತ್ತದೆ. ಬಿಸ್ಕತ್ತು, ಚಿಪ್ಸ್, ಸಾಸ್‌ಗಳ ಮೇಲೆ ನೂರು ಗ್ರಾಂಗೆ ಎಷ್ಟು ಮಿಲಿಗ್ರಾಂ ಸೋಡಿಯಂ ಎಂದು ಮುದ್ರಿಸುವುದು ಈಗ ಕಡ್ಡಾಯ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ಸಿಹಿ ಬಿಸ್ಕತ್ತಿನಲ್ಲೂ ಒಮ್ಮೆ ನೋಡಿ, ಆಶ್ಚರ್ಯಪಡುತ್ತೀರಿ.

ಬಟ್ಟಲಿನ ಲೆಕ್ಕ

ಒಂಬತ್ತೂವರೆ ಎಂದು ಗೊತ್ತಾಯಿತು. ಮುಂದೇನು? ನಾಳೆಯಿಂದಲೇ ಅರ್ಧಕ್ಕೆ ಇಳಿಸಲು ಹೋಗಬೇಡಿ. ಎರಡನೇ ದಿನಕ್ಕೆ ದಸ್ತರ್‌ಖಾನ್ ಮೇಲೆ ಉಪ್ಪಿನ ಡಬ್ಬಿ ಬಂದು ಕೂರುತ್ತದೆ. ಬೆಳಿಗ್ಗೆಯೇ ಇಡೀ ದಿನದ ಉಪ್ಪನ್ನು ಚಮಚದಲ್ಲಿ ಅಳೆದು ಒಂದು ಸಣ್ಣ ಬಟ್ಟಲಿಗೆ ತೆಗೆದಿಡಿ. ಐದು ಪಾಲಿನ ಆ ಮನೆಗೆ ಈಗ ಹೋಗುತ್ತಿರುವುದು ಒಂಬತ್ತು ಚಮಚ. ಬಟ್ಟಲಿಗೆ ಎಂಟು ಹಾಕಿ, ಅದರಲ್ಲೇ ಮೂರು ಹೊತ್ತಿನ ಅಡುಗೆ ಮುಗಿಸಿ. ಎರಡು ಮೂರು ವಾರ ಕಳೆದ ಮೇಲೆ ಏಳು. ಮತ್ತೆ ಕೆಲವು ವಾರಕ್ಕೆ ಆರು. ನಾಲಿಗೆ ರೂಢಿಯ ದಾಸ ಎಂದೆವಲ್ಲ, ಆ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಅದು ಹೊಸ ಹದಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ಹಳೆಯ ಸಾಲನ್ನೇ ಉಪ್ಪೆನಿಸುತ್ತದೆ. ಕೊನೆಗೆ ನಾಲ್ಕು ಚಮಚಕ್ಕೆ ನಿಲ್ಲಿಸಿದರೆ, ಐದನೆಯದು ಉಪ್ಪಿನಕಾಯಿಗೂ ಹೊರಗಿನ ತಿಂಡಿಗೂ ಇರಲಿ. ಹುಣಸೆಹುಳಿ, ನಿಂಬೆ, ಬೆಳ್ಳುಳ್ಳಿ, ಪುಂಡಿಸೊಪ್ಪು ಇರುವ ಸೀಮೆಯಲ್ಲಿ ರುಚಿಗೆ ಬರಗಾಲವಿಲ್ಲ. ಹುಳಿ ಮುಂದಿದ್ದರೆ ಉಪ್ಪಿನ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯದು.

ಬಿಪಿ ಇರುವವರಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ನನಗೆ ಇದು ಸರಿಯೆನಿಸುವುದಿಲ್ಲ. ಅಬ್ಬಾ ಒಬ್ಬರೇ ಸಪ್ಪೆ ಉಣ್ಣುತ್ತಾ, ಉಳಿದವರ ತಟ್ಟೆ ನೋಡುತ್ತಾ ಎಷ್ಟು ದಿನ ಕೂರುತ್ತಾರೆ? ಅಡುಗೆಯವಳಿಗೂ ಎರಡು ಪಟ್ಟು ಕೆಲಸ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ನಾಲಿಗೆ ಇಂದು ಕಲಿತ ಹದವೇ ನಾಳೆ ಅವರ "ಸರಿ" ಆಗುತ್ತದೆ. ಒಂದು ವರ್ಷದೊಳಗಿನ ಕೂಸಿನ ಊಟಕ್ಕಂತೂ ಉಪ್ಪು ಬೆರೆಸುವ ಅಗತ್ಯವೇ ಇಲ್ಲ. ಇಡೀ ಮನೆಗೆ ಒಂದೇ ಪಾತ್ರೆ, ಅದರಲ್ಲಿ ಎಲ್ಲರಿಗೂ ಸ್ವಲ್ಪ ಕಡಿಮೆ, ಇದೇ ನಿಲ್ಲುವ ದಾರಿ. ಮನೆಯ ಗಂಡಸರಿಗೂ ಒಂದು ಮಾತು. ಈ ಕೆಲಸ ಕೆಡುವುದು ಅಡುಗೆಮನೆಯಲ್ಲಲ್ಲ, ಊಟಕ್ಕೆ ಕೂತಾಗ ಆಡುವ ಒಂದು ಮಾತಿನಲ್ಲಿ. ಉಪ್ಪು ಕಡಿಮೆ ಎಂದು ಮುಖ ಗಂಟಿಕ್ಕುವ ಮೊದಲು, ಅದು ಯಾರ ಲಕ್ವಾ ತಪ್ಪಿಸಲೆಂದು ಕಡಿಮೆಯಾಯಿತೆಂದು ನೆನೆಯಿರಿ.

ಇಷ್ಟರಿಂದ ಆಗುವುದೇನು ಎಂದರೆ, ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ದಿನಕ್ಕೆ ಸುಮಾರು 4.4 ಗ್ರಾಂ ಉಪ್ಪು ಇಳಿಸಿದಾಗ ಬಿಪಿ ಇದ್ದವರಲ್ಲಿ ಮೇಲಿನ ಅಂಕಿ ಸರಾಸರಿ 5ಕ್ಕಿಂತ ತುಸು ಹೆಚ್ಚು ಇಳಿಯಿತು. ಇಲ್ಲದವರಲ್ಲೂ ಎರಡೂವರೆಯಷ್ಟು ಇಳಿಯಿತು. ಒಂಬತ್ತೂವರೆಯಿಂದ ಐದಕ್ಕೆ ಬಂದ ನಮ್ಮ ಭಾಲ್ಕಿಯ ಮನೆಯ ಇಳಿಕೆಯೂ ಅಷ್ಟೇ. ಹಾಗೆಂದು ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬಾರದು. ಮಾತ್ರೆ ಕಡಿಮೆ ಮಾಡುವುದು ಡಾಕ್ಟರ ಕೆಲಸ.

ಹೊಲದಲ್ಲಿ ಬೆವರು ಸುರಿಸಿ ದುಡಿಯುವವರಿಗೆ ಉಪ್ಪು ಹೆಚ್ಚು ಬೇಡವೇ ಎಂದು ಕೇಳುವವರಿದ್ದಾರೆ. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಏಪ್ರಿಲ್-ಮೇ ಬಿಸಿಲಿನಲ್ಲಿ ಇಡೀ ದಿನ ದುಡಿಯುವವರು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕಿಕೊಂಡರೆ ತಪ್ಪೇನಿಲ್ಲ. ಆದರೆ ಫ್ಯಾನಿನ ಕೆಳಗೆ ಅಂಗಡಿಯಲ್ಲಿ ಕೂತವರೂ ಅದೇ ನೆಪ ಹೇಳುತ್ತಾರೆ! ವಾಂತಿ ಭೇದಿಯಾದಾಗ ಓಆರ್‌ಎಸ್ ಕುಡಿಸಲು ಮಾತ್ರ ಉಪ್ಪಿನ ಹೆದರಿಕೆ ಅಡ್ಡ ಬರಬಾರದು. ಅದು ಜೀವ ಉಳಿಸುವ ನೀರು. ರಮಝಾನ್‌ನಲ್ಲಿ ಸಹ್ರಿಯ ಊಟ ಉಪ್ಪಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗುವುದನ್ನು ನೀವೇ ಅನುಭವಿಸಿರುತ್ತೀರಿ. ಆ ತಿಂಗಳ ಪ್ಯಾಕೆಟ್ಟಿನ ಲೆಕ್ಕವನ್ನೂ ಒಮ್ಮೆ ಬೇರೆ ತಿಂಗಳಿನೊಂದಿಗೆ ಹೋಲಿಸಿ ನೋಡಿ.

ಸೋಡಿಯಂ ಕಡಿಮೆ ಇರುವ ಉಪ್ಪಿನ ಬಗ್ಗೆಯೂ ಹೇಳಬೇಕು. ಇದರಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಬೆರೆಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಇದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಸಾಮಾನ್ಯ ಉಪ್ಪಿನ ಬದಲು ಇದನ್ನು ಬಳಸಬಹುದೆಂದು ಸಲಹೆ ನೀಡಿತು. ಆದರೆ ಆ ಸಲಹೆ ಮಕ್ಕಳಿಗಲ್ಲ, ಗರ್ಭಿಣಿಯರಿಗಲ್ಲ, ಮೂತ್ರಪಿಂಡದ ತೊಂದರೆ ಇರುವವರಿಗಲ್ಲ. ಬಿಪಿಯ ಕೆಲವು ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆ ಇರುವವರಿಗೆ ಮೂತ್ರಪಿಂಡ ದುರ್ಬಲವಾಗಿರುವುದು ಗೊತ್ತೇ ಇರುವುದಿಲ್ಲ. ಡಾಕ್ಟರನ್ನು ಕೇಳದೆ ಈ ಉಪ್ಪು ತರಬೇಡಿ. ಯಾವ ಉಪ್ಪು ತಂದರೂ ಅಯೋಡಿನ್ ಇರುವುದನ್ನೇ ತನ್ನಿ. ಕಡಿಮೆ ತಿನ್ನಬೇಕಾದದ್ದು ಉಪ್ಪನ್ನು, ಅಯೋಡಿನ್ ಅನ್ನಲ್ಲ.

30 ವರ್ಷ ದಾಟಿದವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಬಿಪಿ ಪರೀಕ್ಷೆ ಉಚಿತ. ಬೀದರ್‌ನಲ್ಲಿ ಬ್ರಿಮ್ಸ್ ಇದೆ, ಭಾಲ್ಕಿ ಮತ್ತು ಔರಾದ್‌ನಲ್ಲಿ ತಾಲೂಕು ಆಸ್ಪತ್ರೆಗಳಿವೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಮಾತನಾಡದೆ ತೋರಿಸಿಕೊಳ್ಳಿ. ಹೋಗುವಾಗ ಮಾತ್ರೆಯ ಚೀಟಿಯ ಜೊತೆಗೆ ಎರಡು ಖಾಲಿ ಪ್ಯಾಕೆಟ್ಟುಗಳ ತಾರೀಖನ್ನೂ ಬರೆದು ಒಯ್ಯಿರಿ. "ಉಪ್ಪು ಕಡಿಮೆ ತಿನ್ನುತ್ತೀರಾ?" ಎಂದು ಡಾಕ್ಟರು ಕೇಳೇ ಕೇಳುತ್ತಾರೆ. ಹೌದು ಎಂದು ತಲೆಯಾಡಿಸುವ ಬದಲು, ಮೊದಲನೆಯದು 21 ದಿನ ಬಂತು, ಎರಡನೆಯದು 27 ದಿನ ಬಂತು ಎಂದು ಹೇಳಬಹುದು.